ಸಾಮಾನ್ಯ ಮನೋವ್ಯಾಧಿಗಳು: ರೋಗನಿರ್ಣಯ ಮತ್ತು ಚಿಕಿತ್ಸೆ

ಖಿನ್ನತೆ, ಆತಂಕ, ಪ್ಯಾನಿಕ್, ಗೀಳು, ಹಾಗೂ ದೇಹದ ದೂರುಗಳ ವೇಷದಲ್ಲಿ ಬರುವ ಮನೋವ್ಯಥೆಗಳನ್ನು ಒಟ್ಟಾಗಿ ಸಾಮಾನ್ಯ ಮನೋವ್ಯಾಧಿಗಳು ಎನ್ನುತ್ತಾರೆ. ಬ್ರಿಟನ್ನಿನ ಡೇವಿಡ್ ಗೋಲ್ಡ್‌ಬರ್ಗ್ ಮತ್ತು ಪೀಟರ್ ಹಕ್ಸ್‌ಲಿ 1992ರಲ್ಲಿ ಹೊರತಂದ ಪುಸ್ತಕದಿಂದ ಈ ಹೆಸರು ರೂಢಿಗೆ ಬಂತು. ಅದರೊಳಗಿನ 'ಸಾಮಾನ್ಯ' ಎಂಬ ಮಾತು ತುಸು ದಾರಿ ತಪ್ಪಿಸುತ್ತದೆ. ಬಹಳ ಜನರಲ್ಲಿ ಕಾಣುವಂಥದು ಎಂದಷ್ಟೇ ಅದರ ಅರ್ಥ. ಮಧ್ಯಮ ತೀವ್ರತೆಯ ಖಿನ್ನತೆ ದುಡಿಯುವ ಮನುಷ್ಯನನ್ನು ತಿಂಗಳುಗಟ್ಟಲೆ ಮೂಲೆಗೆ ಕೂರಿಸಬಲ್ಲದು. ಗೀಳು ಮನೆಯ ನೀರಿನ ತೊಟ್ಟಿಯನ್ನು ದಿನಕ್ಕೆರಡು ಸಲ ಬರಿದು ಮಾಡಬಲ್ಲದು.

ಸ್ಕಿಜೋಫ್ರೀನಿಯ, ಉನ್ಮಾದದಂಥ ತೀವ್ರ ಕಾಯಿಲೆಗಳಲ್ಲಿ ರೋಗಿಯನ್ನು ಸಾಮಾನ್ಯವಾಗಿ ಮನೆಯವರು ಕರೆತರುತ್ತಾರೆ. ಇಲ್ಲಿ ರೋಗಿ ತಾನಾಗಿಯೇ ಬರುತ್ತಾನೆ, ಆದರೆ ಬೇರೆ ಬಾಗಿಲಿಗೆ. ಫಿಸಿಷಿಯನ್, ಹೃದಯದ ಡಾಕ್ಟರು, ಹೆರಿಗೆ ಡಾಕ್ಟರು, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಮೆಡಿಕಲ್ ಶಾಪು, ನಡುವೆ ಒಂದೆರಡು ದೇವಸ್ಥಾನ. ಮನೋವೈದ್ಯರ ಕೋಣೆ ಸಿಗುವುದು ಈ ಸುತ್ತಾಟದ ಕೊನೆಗೆ, ಸಿಕ್ಕಿದರೆ. ಆದಕಾರಣ ಈ ಕಾಯಿಲೆಗಳ ರೋಗನಿರ್ಣಯವನ್ನು ಮನೋವೈದ್ಯರ ಪಠ್ಯಪುಸ್ತಕದಿಂದ ಆರಂಭಿಸುವ ಬದಲು ಕರ್ನಾಟಕದ ಹೊರರೋಗಿ ವಿಭಾಗದ ಸಾಲಿನಿಂದ ಆರಂಭಿಸುವುದು ಸರಿ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಚಿಕಿತ್ಸೆ ಬೇಕಾದ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಸಾಮಾನ್ಯ ಮನೋವ್ಯಾಧಿ ಇದ್ದವರಲ್ಲಿ ಶೇ. 80ಕ್ಕೂ ಹೆಚ್ಚು ಜನ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಅದನ್ನು ರೂಪಿಸಿ ನಡೆಸಿದ ಸಂಸ್ಥೆ ಇರುವ ಕರ್ನಾಟಕ ಆ 12ರಲ್ಲಿ ಇರಲಿಲ್ಲ.

ದೂರು ಹೇಳುವ ಮಾತು

"ನನಗೆ ಖಿನ್ನತೆ ಇದೆ" ಎಂದು ಹೇಳಿಕೊಂಡು ತಾಲ್ಲೂಕು ಆಸ್ಪತ್ರೆಗೆ ಬರುವವರು ಅಪರೂಪ. ಖಿನ್ನತೆ ಪುಸ್ತಕದ ಪದ, ಪತ್ರಿಕೆಗಳ ಪದ. ಹಳೆ ಮೈಸೂರಿನ ಕಡೆ ಕೇಳಿಬರುವುದು "ಸುಸ್ತು ಸಾರ್, ಕೈಕಾಲು ಸೋತೋಗುತ್ತೆ, ತಲೆ ಭಾರ, ಊಟ ಸೇರಲ್ಲ." ಉತ್ತರ ಕರ್ನಾಟಕದಲ್ಲಿ "ನಿಶ್ಶಕ್ತಿ ಆಗೇತ್ರಿ, ಎದಿ ಡವಡವ ಅಂತೈತಿ, ಮನಸ್ಸಿಗೆ ಬ್ಯಾಸರ." ಇವುಗಳ ಜೊತೆ ಮೈಯೆಲ್ಲ ಉರಿ, ಜೋಮು, ಹೊಟ್ಟೆಯಲ್ಲಿ ಗ್ಯಾಸು, ಬೆನ್ನಲ್ಲಿ ಚಳಕು. ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡರೆ ಸರಿಹೋದೀತೆಂಬ ನಂಬಿಕೆ. ಬಾಟ್ಲಿ ಹಾಕಿದ ದಿನ ಹಗುರವೆನಿಸುವುದೂ ನಿಜ. ಒಂದು ಗಂಟೆ ಮಲಗಿಸಿ, ಪಕ್ಕದಲ್ಲಿ ಮನೆಯವರೊಬ್ಬರು ಕೂತು ಕಾಯುವುದೇ ಎಷ್ಟೋ ಜನರಿಗೆ ವರ್ಷದಲ್ಲಿ ಸಿಗುವ ಒಂದೇ ಒಂದು ಆರೈಕೆ.

ದೇಹದ ದೂರನ್ನು ಅಜ್ಞಾನವೆಂದು ತಳ್ಳಿಹಾಕುವುದು ಹಳೆಯ ಚಾಳಿ. ಹಳ್ಳಿಯವರಿಗೆ ಮನಸ್ಸಿನ ಭಾಷೆ ಗೊತ್ತಿಲ್ಲ, ಅದಕ್ಕೇ ಮೈನೋವು ಹೇಳುತ್ತಾರೆ ಎಂಬ ಈ ವಿವರಣೆ ನಿಲ್ಲುವಂಥದಲ್ಲ. ನಿಮ್ಹಾನ್ಸ್‌ನಲ್ಲಿ ಆರ್. ರಘುರಾಮ್, ಎಸ್.ಎಂ. ಚನ್ನಬಸವಣ್ಣ ಮತ್ತು ಸಂಗಡಿಗರು ಮಾಡಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕಣ್ಣು ತೆರೆಸುತ್ತದೆ. ಮನಸ್ಸಿನ ಲಕ್ಷಣಗಳು ಹೆಚ್ಚಿದ್ದ ರೋಗಿಗಳಲ್ಲಿ ಕಳಂಕದ ಅಳುಕೂ ಹೆಚ್ಚಿತ್ತು. ದೇಹದ ಲಕ್ಷಣಗಳು ಹೆಚ್ಚಿದ್ದವರಲ್ಲಿ ಆ ಅಳುಕು ಕಡಿಮೆ ಇತ್ತು. ತಲೆನೋವು ಎಲ್ಲರಿಗೂ ಬರುತ್ತದೆ, ನಾಲ್ಕು ಜನರ ಮುಂದೆ ಹೇಳಬಹುದು. ಬದುಕೇ ಬೇಡವಾಗಿದೆ ಎಂದರೆ ತಂಗಿಯ ಮದುವೆಗೂ ತೊಡಕಾದೀತು. ರೋಗಿ ಏನನ್ನು ಹೇಳಬಹುದೋ ಅದನ್ನು ಹೇಳುತ್ತಾನೆ.

ಹೆಂಗಸರಲ್ಲಿ ಬಿಳಿಸೆರಗಿನ ದೂರು ಇದಕ್ಕೆ ಒಳ್ಳೆಯ ಉದಾಹರಣೆ. ಸೋಂಕು ಇಲ್ಲದೆಯೂ ಬಿಳಿಸೆರಗು, ಸೊಂಟನೋವು, ಸುಸ್ತು ಎಂದು ವರ್ಷಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ನಡೆಸಿದ ಅಧ್ಯಯನಗಳಲ್ಲಿ ಈ ದೂರಿಗೆ ಸೋಂಕಿಗಿಂತ ಮನೋವ್ಯಥೆಯ ನಂಟೇ ಬಲವಾಗಿ ಕಂಡಿತು. ಗಂಡಸರಲ್ಲಿ ಇದರ ಜೋಡಿ 'ಧಾತು ಹೋಗುವುದು': ಮೂತ್ರದಲ್ಲಿ ವೀರ್ಯ ಹೋಗಿ ಶಕ್ತಿ ಕುಂದುತ್ತಿದೆಯೆಂಬ ಭಯ. ಬಸ್ ನಿಲ್ದಾಣದ ಗೋಡೆಗಳ ಮೇಲಿನ ಜಾಹೀರಾತುಗಳು ಆ ಭಯವನ್ನು ಪೋಷಿಸಿ ದುಡ್ಡು ಮಾಡಿಕೊಂಡಿವೆ. ಅದರ ಅಡಿಯಲ್ಲಿ ಬಹಳ ಸಲ ಆತಂಕ ಅಥವಾ ಖಿನ್ನತೆ ಇರುತ್ತದೆ.

ಮೈಮೇಲೆ ಬರುವುದು, ಗಾಳಿ ಸೋಕುವುದು ಇನ್ನೊಂದು ಬಗೆ. ಕಲಬುರಗಿ ಜಿಲ್ಲೆಯ ಗಾಣಗಾಪುರಕ್ಕೆ ಇದಕ್ಕೆಂದೇ ಜನ ಹೋಗುತ್ತಾರೆ. ಮನೋವೈದ್ಯರು ಇದನ್ನು ಕಂಡ ಕೂಡಲೇ ಕಾಯಿಲೆಯೆನ್ನುವುದಿಲ್ಲ. ಜಾತ್ರೆಯಲ್ಲಿ, ಕೋಲದಲ್ಲಿ ಸಮುದಾಯ ಒಪ್ಪಿದ ಚೌಕಟ್ಟಿನೊಳಗೆ ಆಗುವುದು ರೋಗದ ಲೆಕ್ಕಕ್ಕೆ ಬರುವುದಿಲ್ಲ. ಅದರ ಹೊರಗೆ, ಇಚ್ಛೆಗೆ ವಿರುದ್ಧವಾಗಿ, ಬದುಕು ಕೆಡುವಷ್ಟು ಆದಾಗ ಅದು ತನ್ನತನದ ಅರಿವು ಕಳಚುವ ವಿಘಟನೆಯ ಕಾಯಿಲೆ. ದೇವರಿಗೆ ಹರಕೆ ಹೊತ್ತು ಮಾತ್ರೆಯನ್ನೂ ನುಂಗುವ ರೋಗಿಯೊಡನೆ ಜಗಳವಾಡಿದ ವೈದ್ಯನಿಗೆ ದಕ್ಕುವುದೇನೂ ಇಲ್ಲ. ರೋಗಿ ಮುಂದಿನ ಸಲ ಬರುವುದಿಲ್ಲ. ಬಾರುಕೋಲಿನ ಏಟು, ಮೆಣಸಿನಕಾಯಿ ಹೊಗೆ ಮಾತ್ರ ಬೇರೆ ಮಾತು. ದೆವ್ವ ಬಿಡಿಸುವ ಹೆಸರಿನ ಇಂಥ ಹಿಂಸೆಯನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ ಅಪರಾಧವಾಗಿಸಿದೆ.

ರೋಗನಿರ್ಣಯ

ಖಿನ್ನತೆಗೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನಿಂಗ್ ಇಲ್ಲ. "ಎಲ್ಲ ರಿಪೋರ್ಟೂ ನಾರ್ಮಲ್, ನಿಮಗೇನೂ ಆಗಿಲ್ಲ" ಎಂಬುದು ವೈದ್ಯರು ಸಮಾಧಾನಕ್ಕೆಂದು ಆಡುವ ಮಾತು. ರೋಗಿಗೆ ಅದು ನೀನು ನಾಟಕ ಆಡುತ್ತಿದ್ದೀಯ ಎಂದಂತೆ ಕೇಳುತ್ತದೆ. ಅಲ್ಲಿಂದ ಅವನು ಇನ್ನೊಬ್ಬ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾನೆ. ಅದರ ಬದಲು "ನೋವು ಇರೋದು ನಿಜ. ನಿದ್ದೆ ಹೇಗಿದೆ? ಮೊದಲಿನ ಹಾಗೆ ಮಕ್ಕಳು, ಮನೆ, ಕೆಲಸದಲ್ಲಿ ಮನಸ್ಸು ನಿಲ್ಲುತ್ತಾ?" ಎಂದು ಕೇಳಿ ಸುಮ್ಮನೆ ಕೂತರೆ ಅರ್ಧ ನಿರ್ಣಯ ಅಲ್ಲೇ ಆಗುತ್ತದೆ. ಎಷ್ಟೋ ಸಲ ಉತ್ತರದ ಮೊದಲು ಬರುವುದು ಕಣ್ಣೀರು.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಖಿನ್ನತೆ ಎನ್ನಬೇಕಾದರೆ ಹತ್ತು ಲಕ್ಷಣಗಳಲ್ಲಿ ಕನಿಷ್ಠ ಐದು, ದಿನದ ಬಹುಪಾಲು, ಹೆಚ್ಚುಕಡಿಮೆ ದಿನವೂ, ಎರಡು ವಾರಗಳಾದರೂ ಇರಬೇಕು. ಆ ಐದರಲ್ಲಿ ಕುಗ್ಗಿದ ಮನಸ್ಸು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆರಡರಲ್ಲಿ ಒಂದು ಇರಲೇಬೇಕು. ಉಳಿದವು ಏಕಾಗ್ರತೆಯ ಕೊರತೆ, ತಾನು ಯಾತಕ್ಕೂ ಬಾರದವನೆಂಬ ಭಾವ ಅಥವಾ ತಪ್ಪಿತಸ್ಥ ಭಾವ, ಮುಂದೆ ಕತ್ತಲೆಯೆಂಬ ಹತಾಶೆ, ಸಾವಿನ ಯೋಚನೆ, ನಿದ್ದೆಯ ಏರುಪೇರು, ಹಸಿವು ಮತ್ತು ತೂಕದ ಬದಲಾವಣೆ, ನಡೆನುಡಿ ನಿಧಾನವಾಗುವುದು ಅಥವಾ ಚಡಪಡಿಕೆ, ದಣಿವು. ನಸುಕಿನ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಬೆಳಗ್ಗೆ ಅತಿ ಭಾರವಾಗಿದ್ದ ಮನಸ್ಸು ಸಂಜೆಗೆ ಸ್ವಲ್ಪ ಹಗುರಾಗುವುದು ತೀವ್ರ ಖಿನ್ನತೆಯ ಗುರುತುಗಳೆಂದು ಹಳೆಯ ವೈದ್ಯರೂ ಬಲ್ಲರು.

ಬೇಗ ಅಳೆಯಲು ಪ್ರಶ್ನಾವಳಿಗಳಿವೆ. 2001ರಲ್ಲಿ ಪ್ರಕಟವಾದ ಪಿಎಚ್‌ಕ್ಯೂ-9 ಒಂಬತ್ತು ಪ್ರಶ್ನೆಗಳದ್ದು. ಅಂಕ 0ಯಿಂದ 27. 10 ಮುಟ್ಟಿದರೆ ಮುಂದೆ ವಿಚಾರಿಸಬೇಕು, 20 ಮುಟ್ಟಿದರೆ ತೀವ್ರ. ಆತಂಕಕ್ಕೆ 2006ರ ಜಿಎಡಿ-7, ಅಂಕ 0ಯಿಂದ 21. ಎರಡೂ ಕನ್ನಡದಲ್ಲಿ ಬಳಕೆಯಲ್ಲಿವೆ. ಇವು ಜರಡಿ ಇದ್ದಂತೆ. ಅಂಕ ನೋಡಿಯೇ ಮಾತ್ರೆ ಬರೆಯುವುದು ಜರಡಿಯಲ್ಲಿ ಉಳಿದದ್ದನ್ನೆಲ್ಲ ಬೇಯಿಸಿ ಬಡಿಸಿದ ಹಾಗೆ. ಅಂಕದ ನಿಜವಾದ ಉಪಯೋಗ ಮುಂದಿನ ಭೇಟಿಗಳಲ್ಲಿ: ಹೋದ ತಿಂಗಳು 17 ಇದ್ದದ್ದು ಈಗ 9 ಎಂದಾಗ ವೈದ್ಯರಿಗೂ ರೋಗಿಗೂ ಒಂದು ಹಿಡಿ ಸಿಗುತ್ತದೆ.

ಖಿನ್ನತೆ ಎಂದು ಬರೆಯುವ ಮೊದಲು ನೋಡಬೇಕಾದ ಕೆಲವು ಸಂಗತಿಗಳಿವೆ. ಥೈರಾಯ್ಡ್ ಕಡಿಮೆಯಾದರೆ ಸುಸ್ತು, ಮಂಕು, ತೂಕ ಏರುವುದು. ಹೆಚ್ಚಾದರೆ ನಡುಕ, ಎದೆಬಡಿತ, ಬೆವರು, ಥೇಟ್ ಆತಂಕದಂತೆ. ರಕ್ತಹೀನತೆ, ಬಿ-12 ಕೊರತೆ, ಸಕ್ಕರೆ ಕಾಯಿಲೆ, ಸ್ಟೆರಾಯ್ಡ್ ಮಾತ್ರೆಗಳು ಕೂಡ ಇದೇ ಚಿತ್ರ ಬರೆಯಬಲ್ಲವು. ಗಂಡಸರನ್ನು ಕುಡಿತದ ಬಗ್ಗೆ ಕೇಳಲೇಬೇಕು, ಅದೂ "ಕುಡೀತೀರಾ?" ಎಂದಲ್ಲ, "ವಾರಕ್ಕೆ ಎಷ್ಟು ಕ್ವಾರ್ಟರ್ ಆಗುತ್ತೆ?" ಎಂದು. ಮೊದಲ ಪ್ರಶ್ನೆಗೆ ಎಲ್ಲರ ಉತ್ತರವೂ "ಯಾವಾಗಲಾದರೂ ಒಮ್ಮೆ." ಕುಡಿತದ ಖಿನ್ನತೆಗೆ ಕುಡಿತ ಬಿಡುವುದೇ ಮೊದಲ ಔಷಧ. ಆದರೆ ನಿತ್ಯ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್, ಸನ್ನಿ ಬರುವ ಅಪಾಯವಿದೆ. ಅದು ಆಸ್ಪತ್ರೆಯಲ್ಲಿ, ಥಯಾಮಿನ್ ಕೊಟ್ಟುಕೊಂಡು ಮಾಡುವ ಕೆಲಸ.

ಇನ್ನೊಂದು ಪ್ರಶ್ನೆ ಹೊರರೋಗಿ ವಿಭಾಗದ ಗದ್ದಲದಲ್ಲಿ ಬಿಟ್ಟುಹೋಗುತ್ತದೆ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನಿಸಿ, ಮಾತು, ಖರ್ಚು, ಹುರುಪು, ಸಿಟ್ಟು ಮಿತಿಮೀರಿದ ವಾರಗಳು ಇದ್ದವೆ? ಇದ್ದರೆ ಅದು ದ್ವಿಧ್ರುವ ಕಾಯಿಲೆ. ಆಗ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ರೋಗಿ ಉನ್ಮಾದಕ್ಕೆ ಜಿಗಿಯಬಹುದು. ಅಂಥವರಿಗೆ ಲಿಥಿಯಂನಂಥ ಮನೋಸ್ಥಿಮಿತ ಔಷಧಗಳು ಬೇಕು. ಲಿಥಿಯಂನ ಗುಣವನ್ನು 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಕಂಡುಕೊಂಡ. ರಕ್ತದಲ್ಲಿ ಅದರ ಮಟ್ಟ, ಮೂತ್ರಪಿಂಡ, ಥೈರಾಯ್ಡ್ ಇವನ್ನು ಆಗಾಗ ಪರೀಕ್ಷಿಸುತ್ತಿರಬೇಕು.

ಶೋಕ ಕಾಯಿಲೆಯಲ್ಲ. ಗಂಡ ತೀರಿಕೊಂಡು ಒಂದು ತಿಂಗಳಾದ ಹೆಣ್ಣುಮಗಳಿಗೆ ಪಿಎಚ್‌ಕ್ಯೂ-9ರಲ್ಲಿ 15 ಬಂದರೆ ಆಕೆಗೆ ಬೇಕಾದದ್ದು ನೆಂಟರು, ಹೊತ್ತುಹೊತ್ತಿಗೆ ಊಟ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ 11ನೇ ಆವೃತ್ತಿಯಲ್ಲಿ ದೀರ್ಘಶೋಕಕ್ಕೆ ಬೇರೆ ಹೆಸರೇ ಇದೆ. ಆದರೆ ಆರು ತಿಂಗಳು ಕಳೆದು, ಅವರವರ ಸಂಪ್ರದಾಯ ಒಪ್ಪುವ ಅವಧಿಯನ್ನೂ ಮೀರಿ ಬದುಕನ್ನು ತಡೆದಾಗ ಮಾತ್ರ.

ಸಾವಿನ ಯೋಚನೆಯ ಬಗ್ಗೆ ಕೇಳಲು ಹೊಸ ವೈದ್ಯರು ಹಿಂಜರಿಯುತ್ತಾರೆ, ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು. ಹಾಗಾಗುವುದಿಲ್ಲ. ಕೇಳಿದ್ದರಿಂದ ರೋಗಿಗೆ ಎದೆಭಾರ ಇಳಿಯುವುದೇ ಹೆಚ್ಚು. ಕ್ರಮ ಹೀಗೆ: ಬದುಕು ಸಾಕೆನಿಸಿದೆಯೆ, ಸಾಯಬೇಕು ಅನ್ನಿಸಿದೆಯೆ, ಹೇಗೆಂದು ಯೋಚಿಸಿದ್ದೀರಾ, ಹಿಂದೆ ಪ್ರಯತ್ನಿಸಿದ್ದುಂಟೆ. ಕೃಷಿ ಕುಟುಂಬಗಳಲ್ಲಿ ಮುಂದಿನ ಪ್ರಶ್ನೆ ಮನೆಯಲ್ಲಿ ಕೀಟನಾಶಕ ಎಲ್ಲಿಟ್ಟಿದ್ದೀರಿ ಎಂಬುದು. ಅದನ್ನು ಬೇರೆಯವರ ವಶಕ್ಕೆ ಕೊಡಿಸುವುದು, ಮಾತ್ರೆಗಳನ್ನು ಮನೆಯವರ ಕೈಯಲ್ಲಿಡುವುದು, ಕೆಲವು ದಿನ ಒಬ್ಬರನ್ನೇ ಬಿಡದಿರುವುದು ಯಾವ ಇಂಜೆಕ್ಷನ್ನಿಗೂ ಕಡಿಮೆಯಿಲ್ಲದ ಚಿಕಿತ್ಸೆ. ದೇಶದಲ್ಲಿ 2022ರಲ್ಲಿ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕಕ್ಕೆ ಸಿಕ್ಕ ಆತ್ಮಹತ್ಯೆಗಳು 1,70,924.

ಔಷಧ

ಖಿನ್ನತೆಯ ಔಷಧ ಹುಡುಕಿಕೊಂಡು ಹೋದವರಿಗೆ ಸಿಕ್ಕದ್ದಲ್ಲ. 1950ರ ದಶಕದ ಆರಂಭದಲ್ಲಿ ಕ್ಷಯಕ್ಕೆ ಕೊಟ್ಟ ಐಪ್ರೋನಿಯಜಿಡ್ ರೋಗಿಗಳಲ್ಲಿ ಹುರುಪು ತಂದಿತು. ಸ್ವಿಟ್ಜರ್ಲೆಂಡಿನ ರೋಲಂಡ್ ಕುನ್ ಸ್ಕಿಜೋಫ್ರೀನಿಯಕ್ಕೆಂದು ಪರೀಕ್ಷಿಸಿದ ಇಮಿಪ್ರಮಿನ್ ಆ ಕಾಯಿಲೆಗೆ ಕೈಕೊಟ್ಟು ಖಿನ್ನತೆಗೆ ಒದಗಿತು. ಅದನ್ನು ಆತ 1957ರಲ್ಲಿ ಪ್ರಕಟಿಸಿದ. ಅದರ ದಾಯಾದಿ ಅಮಿಟ್ರಿಪ್ಟಿಲಿನ್ ಇಂದಿಗೂ ಅಗ್ಗದ, ಕೆಲಸ ಮಾಡುವ ಔಷಧ, ಆದರೆ ಬಾಯಿ ಒಣಗುವುದು, ಮಲಬದ್ಧತೆ, ತೂಕಡಿಕೆ ಹೆಚ್ಚು. ಒಟ್ಟಿಗೆ ಹೆಚ್ಚು ನುಂಗಿದರೆ ಹೃದಯದ ಬಡಿತ ಕೆಟ್ಟು ಪ್ರಾಣಕ್ಕೆ ಅಪಾಯ. ಸಾವಿನ ಯೋಚನೆ ಇರುವವರ ಕೈಗೆ ತಿಂಗಳ ಮಾತ್ರೆ ಒಮ್ಮೆಲೇ ಕೊಡಬಾರದೆಂಬುದು ಅದಕ್ಕೇ.

ಈಗ ಮೊದಲ ಆಯ್ಕೆ ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳು. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫ್ಲೂಆಕ್ಸಿಟಿನ್, ನಂತರದ ಸರ್ಟ್ರಲಿನ್, ಎಸಿಟಲೊಪ್ರಾಮ್ ಇವೆಲ್ಲ ನರಕೋಶಗಳ ನಡುವೆ ಸಿರೊಟೋನಿನ್ ಮರಳಿ ಹೀರಿಹೋಗುವುದನ್ನು ತಡೆಯುತ್ತವೆ. ಈ ತಡೆ ಮೊದಲ ದಿನವೇ ಆಗುತ್ತದೆ, ಮನಸ್ಸು ಹಗುರಾಗುವುದು ಎರಡರಿಂದ ನಾಲ್ಕು ವಾರಗಳ ನಂತರ. ಆದ್ದರಿಂದ ಸಿರೊಟೋನಿನ್ ಕಡಿಮೆಯಾದದ್ದೇ ಖಿನ್ನತೆ ಎಂಬ ಜನಪ್ರಿಯ ವಿವರಣೆ ಸರಳವೇ ಹೊರತು ಸಾಲದು. ರೋಗಿಗೆ ಇದಕ್ಕಿಂತ ಉಪಯೋಗಕ್ಕೆ ಬರುವ ಮಾತು ಬೇರೆ: ಮೊದಲ ವಾರ ವಾಕರಿಕೆ, ತಲೆನೋವು, ಚಡಪಡಿಕೆ ಹೆಚ್ಚಬಹುದು, ಆಮೇಲೆ ಇಳಿಯುತ್ತದೆ; ಗುಣ ಕಾಣಲು ತಿಂಗಳು ಬೇಕು. ಇದನ್ನು ಹೇಳದೆ ಚೀಟಿ ಬರೆದರೆ ನಾಲ್ಕನೆಯ ದಿನ ಮಾತ್ರೆ ಕಿಟಕಿಯ ಮೇಲೆ, "ಆ ಡಾಕ್ಟರ ಔಷಧಿ ಹೀಟು" ಎಂಬ ಮಾತು ಊರಲ್ಲಿ.

ಎಸಿಟಲೊಪ್ರಾಮ್ 10 ಮಿಲಿಗ್ರಾಂ, ಸರ್ಟ್ರಲಿನ್ 50 ಮಿಲಿಗ್ರಾಂ ಸಾಮಾನ್ಯ ವಯಸ್ಕ ಪ್ರಮಾಣ. ಆತಂಕ ಇದ್ದವರಿಗೆ ಅದರ ಅರ್ಧದಿಂದ ಆರಂಭಿಸುವುದು ಜಾಣತನ. ಕಾಮಾಸಕ್ತಿ ಕುಗ್ಗುವುದು, ಸ್ಖಲನ ತಡವಾಗುವುದು ಇವುಗಳ ದೊಡ್ಡ ತೊಂದರೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ, ಸದ್ದಿಲ್ಲದೆ ಮಾತ್ರೆ ಬಿಡುತ್ತಾರೆ. ನೋವಿನ ಮಾತ್ರೆಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವವುಂಟು. ವಯಸ್ಸಾದವರಲ್ಲಿ ಸೋಡಿಯಂ ಇಳಿದು ಗೊಂದಲವಾಗಬಹುದು. 25ರೊಳಗಿನವರಲ್ಲಿ ಮೊದಲ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚುವ ಸಾಧ್ಯತೆ ಇರುವುದರಿಂದ ಬೇಗ ಬೇಗ ಕರೆಸಿ ನೋಡಬೇಕು.

ನಿದ್ದೆ ಮಾತ್ರೆಯೆಂದು ಜನ ಕರೆಯುವ ಅಲ್ಪ್ರಜೊಲಾಮ್, ಕ್ಲೊನಜೆಪಾಮ್, ಡಯಜೆಪಾಮ್‌ಗಳದ್ದು ಬೇರೆಯೇ ಕಥೆ. 1960ರಲ್ಲಿ ಮಾರುಕಟ್ಟೆಗೆ ಬಂದ ಕ್ಲೋರ್‌ಡಯಜೆಪಾಕ್ಸೈಡ್ ಈ ಬೆಂಜೊಡಯಜೆಪಿನ್ ಕುಟುಂಬದ ಹಿರಿಯ. ಅರ್ಧ ಗಂಟೆಯಲ್ಲಿ ಗಾಬರಿ ಇಳಿಸುತ್ತವೆ. ಅದೇ ಅವುಗಳ ಗುಣ, ಅದೇ ದೋಷ. ಎರಡರಿಂದ ನಾಲ್ಕು ವಾರ ದಾಟಿದರೆ ಅವಲಂಬನೆ ಬೇರೂರತೊಡಗುತ್ತದೆ. ಅಲ್ಪ್ರಜೊಲಾಮ್ ಸೇರಿದಂತೆ ಇವುಗಳಲ್ಲಿ ಹಲವು ಷೆಡ್ಯೂಲ್ ಎಚ್-1ರಲ್ಲಿವೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಆದರೂ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಕೊಳ್ಳುವವರಿದ್ದಾರೆ. ಅಂಥವರು ಒಮ್ಮೆಲೇ ಬಿಡಬಾರದು. ವಾರಗಳ ಮೇಲೆ ವಾರ, ಚೂರು ಚೂರಾಗಿ ಇಳಿಸಬೇಕು. ನಮ್ಮ ಸಾಮಾನ್ಯ ವೈದ್ಯಪದ್ಧತಿಯಲ್ಲಿ ಖಿನ್ನತೆಗೆ ಖಿನ್ನತೆಯ ಮಾತ್ರೆ ಕೊಡುವ ಧೈರ್ಯಕ್ಕಿಂತ ನಿದ್ದೆ ಮಾತ್ರೆ ಬರೆಯುವ ಸಲೀಸು ಹೆಚ್ಚು ಎಂಬುದು ಒಪ್ಪಿಕೊಳ್ಳಬೇಕಾದ ಸತ್ಯ.

'ಕರೆಂಟ್ ಕೊಡುವುದು' ಎಂದು ಸಿನಿಮಾಗಳು ಹೆದರಿಸಿಟ್ಟಿರುವ ವಿದ್ಯುತ್ ಕಂಪನ ಚಿಕಿತ್ಸೆ ಸಾಮಾನ್ಯ ಮನೋವ್ಯಾಧಿಗಳಲ್ಲಿ ಅಪರೂಪಕ್ಕೆ ಬೇಕಾಗುತ್ತದೆ: ಊಟ ನೀರು ಬಿಟ್ಟವರು, ಸಾವಿನ ಹಟಕ್ಕೆ ಬಿದ್ದವರು. ಅಂಥಲ್ಲಿ ಇದು ಬೇಗ ಕೆಲಸ ಮಾಡುತ್ತದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇದನ್ನು ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

ಮಾತಿನ ಚಿಕಿತ್ಸೆ

ಸೌಮ್ಯ ಖಿನ್ನತೆಗೆ ಮಾತ್ರೆಗಿಂತ ಮೊದಲು ಮಾತು. ಅಮೆರಿಕದ ಏರನ್ ಬೆಕ್ 1960ರ ದಶಕದಲ್ಲಿ ಬೆಳೆಸಿದ ಅರಿವಿನ ಚಿಕಿತ್ಸೆ, ರೋಗಿಯ ಮನಸ್ಸಿನಲ್ಲಿ ತಾನಾಗಿ ಏಳುವ ಯೋಚನೆಗಳನ್ನು ಹಿಡಿದು ನಿಲ್ಲಿಸಿ ಸಾಕ್ಷ್ಯ ಕೇಳುತ್ತದೆ. "ನನ್ನಿಂದ ಏನೂ ಆಗಲ್ಲ" ಎಂದವನಿಗೆ "ಹೌದಾ? ಹೋದ ವಾರ ಕರೆಂಟ್ ಬಿಲ್ ಕಟ್ಟಿ ಬಂದದ್ದು ಯಾರು?" ಎಂದು ಕೇಳುವಷ್ಟು ಸರಳವಾಗಿ ಆರಂಭವಾಗುತ್ತದೆ. ಇದನ್ನು ಕಲಿತ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ದೊಡ್ಡ ಊರುಗಳಲ್ಲೇ ಕಡಿಮೆ, ತಾಲ್ಲೂಕಿನಲ್ಲಿ ಇಲ್ಲವೇ ಇಲ್ಲ ಎನ್ನಬಹುದು.

ಈ ಕೊರತೆಗೆ ಹತ್ತಿರದ ಗೋವಾದಲ್ಲಿ ಒಂದು ದಾರಿ ಕಂಡಿತು. ವೈದ್ಯಕೀಯ ಓದಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಪ್ತಸಲಹೆಗಾರರನ್ನಾಗಿ ಕೂರಿಸಿದ ಪ್ರಯೋಗ ಅದು. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥವರು ಆರರಿಂದ ಎಂಟು ಭೇಟಿಗಳಲ್ಲಿ ಕೊಟ್ಟ 'ಚಟುವಟಿಕೆ ಚಿಕಿತ್ಸೆ' ತೀವ್ರ ಖಿನ್ನತೆಯಲ್ಲೂ ಫಲ ಕೊಟ್ಟಿತು. ತತ್ವ ಸುಲಭ. ಮನಸ್ಸು ಸರಿಹೋದ ಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯಬೇಡಿ, ಸಣ್ಣ ಕೆಲಸ ಮಾಡಿ, ಮನಸ್ಸು ಹಿಂದೆ ಬರುತ್ತದೆ. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು, ಬಿಟ್ಟುಹೋದ ಭಜನೆಗೆ ಸೇರುವುದು, ಹೊಲದ ಬದುವಿನ ತನಕ ನಡೆಯುವುದು. ವೈದ್ಯರಿಗೆ ರಂಗೋಲಿಯನ್ನು ಚೀಟಿಯಲ್ಲಿ ಬರೆಯಲು ನಾಚಿಕೆ ಇರಬಹುದು. ಕೆಲಸ ಮಾತ್ರ ಮಾಡುತ್ತದೆ.

ಆಪ್ತಸಲಹೆ ಎಂಬ ಮಾತನ್ನು ಕನ್ನಡ ಓದುಗರ ಮನೆಮಾತಾಗಿಸಿದವರಲ್ಲಿ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಮುಖ್ಯರು. ಅವರಿಗಿಂತ ಹಿಂದೆ, ಕೊರವಂಜಿ ಹಾಸ್ಯಪತ್ರಿಕೆಯ ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ಮನೋವಿಜ್ಞಾನ ಕುರಿತು ಬರೆದ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಾಸ್ಯಗಾರ ಬರೆದ ಮನೋವ್ಯಾಧಿಯ ಪುಸ್ತಕಕ್ಕೆ ಅಕಾಡೆಮಿ ಮಣೆ ಹಾಕಿದ್ದು ಕನ್ನಡದ ಒಂದು ಸೊಗಸು.

ಕೆಲವು ವಿಶೇಷ ಚಿತ್ರಗಳು

ಪ್ಯಾನಿಕ್ ರೋಗಿ ರಾತ್ರಿ ಆಟೋ ಹಿಡಿದು ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುತ್ತಾನೆ: ಎದೆಬಡಿತ, ಉಸಿರು ಕಟ್ಟಿದಂತೆ, ಕೈ ನಡುಕ, ಈಗಲೇ ಪ್ರಾಣ ಹೋಯಿತೆಂಬ ಭಯ. ನಿಮಿಷಗಳಲ್ಲಿ ಶಿಖರಕ್ಕೇರಿ ಸ್ವಲ್ಪ ಹೊತ್ತಿನಲ್ಲಿ ತಾನೇ ಇಳಿಯುತ್ತದೆ. ಮೊದಲ ಸಲ ಇಸಿಜಿ ಮಾಡುವುದು ಕರ್ತವ್ಯ. ಹತ್ತನೆಯ ಸಲವೂ ಮಾಡುವುದು ಭಯಕ್ಕೆ ಗೊಬ್ಬರ ಹಾಕಿದಂತೆ.

ಗೀಳು ಮುಚ್ಚಿಟ್ಟುಕೊಳ್ಳುವ ಕಾಯಿಲೆ. ಕೈ ತೊಳೆಯುವುದು, ಬೀಗ ಎಳೆದು ನೋಡುವುದು ಮನೆಯವರಿಗೆ ಕಾಣುತ್ತದೆ. ದೇವರ ಮುಂದೆ ನಿಂತಾಗ ನುಗ್ಗುವ ಅಶ್ಲೀಲ ಯೋಚನೆಯನ್ನು ಯಾರಿಗೆ ಹೇಳುವುದು? ನಾಲ್ಕೈದು ಸಲ ಭೇಟಿಯಾದ ಮೇಲಷ್ಟೇ ಹೊರಬರುತ್ತದೆ. ಇಲ್ಲಿ ಎಸ್‌ಎಸ್‌ಆರ್‌ಐ ಪ್ರಮಾಣ ಖಿನ್ನತೆಗಿಂತ ಹೆಚ್ಚು ಬೇಕು, ಫಲಕ್ಕೆ ಎಂಟರಿಂದ ಹನ್ನೆರಡು ವಾರ ಕಾಯಬೇಕು. ಜೊತೆಗೆ ಒಡ್ಡಿಕೊಂಡು ತಡೆಯುವ ಅಭ್ಯಾಸ: ಕೊಳೆಯೆಂದುಕೊಂಡದ್ದನ್ನು ಮುಟ್ಟಿ, ಕೈ ತೊಳೆಯದೆ, ಆತಂಕ ತಾನಾಗಿ ಇಳಿಯುವವರೆಗೆ ಕೂರುವುದು. ಮಡಿ ಹೆಚ್ಚಿರುವ ಮನೆಗಳಲ್ಲಿ ಎಲ್ಲಿ ಮಡಿ ಮುಗಿದು ಎಲ್ಲಿ ಗೀಳು ಆರಂಭವಾಯಿತೆಂದು ಹೇಳಲು ಆ ಮನೆಯ ಅಜ್ಜಿಯೇ ಸರಿಯಾದ ತಜ್ಞೆ. "ನಾವೂ ಮಡಿ ಮಾಡಿದೋರೇ, ಹೀಗಲ್ಲ" ಎಂದು ಆಕೆ ಹೇಳಿದರೆ ನಂಬಬಹುದು.

ಬಾಣಂತಿ ಸನ್ನಿಯನ್ನು ಕನ್ನಡಿಗರು ಬಲ್ಲರು; ಹೆರಿಗೆಯಾದ ಕೆಲವೇ ದಿನಗಳಲ್ಲಿ ಮಾತು, ವರ್ತನೆ ಕೆಟ್ಟು ತುರ್ತು ಚಿಕಿತ್ಸೆ ಬೇಕಾದ ಕಾಯಿಲೆ ಅದು. ಅದರ ನೆರಳಲ್ಲಿ ಕಾಣದೆ ಉಳಿಯುವುದು ಬಾಣಂತಿಯ ಖಿನ್ನತೆ. ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲ, ಅಳು, ತಾನು ಕೆಟ್ಟ ತಾಯಿಯೆಂಬ ಕೊರಗು. 1987ರ ಎಡಿನ್‌ಬರೋ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳು ಇದನ್ನು ಹೊರಗೆಳೆಯುತ್ತವೆ. ಹಾಲುಣಿಸುವವರಿಗೆ ಸರ್ಟ್ರಲಿನ್ ಕೊಡಬಹುದು. ಮಾತ್ರೆ ತಗೊಂಡರೆ ಮಗುವಿಗೆ ಹಾಲು ಬಿಡಿಸಬೇಕೆಂಬ ಅವಸರ ಬೇಡ. ವೃದ್ಧರಲ್ಲಿ ಇದರ ತಿರುವುಮುರುವು: ಖಿನ್ನತೆಯ ಮರೆವನ್ನು ಅರಳುಮರಳು ಎಂದು ಬಿಟ್ಟುಬಿಡುತ್ತಾರೆ. ಚಿಕಿತ್ಸೆ ಕೊಟ್ಟರೆ ಅದರಲ್ಲಿ ಒಂದು ಪಾಲು ಮರೆವು ಹೊರಟುಹೋಗುತ್ತದೆ.

ಮುಂದುವರಿಸುವುದು

ಇಡೀ ವಿಷಯದಲ್ಲಿ ಅತಿ ದುರ್ಬಲವಾದ ಕೊಂಡಿ ಇದು. ಎರಡನೆಯ ತಿಂಗಳಿಗೆ ರೋಗಿಗೆ ನಿದ್ದೆ ಬರುತ್ತದೆ, ಊಟ ಸೇರುತ್ತದೆ. "ಈಗ ಚೆನ್ನಾಗಿದ್ದೀಯಲ್ಲ, ಇನ್ಯಾಕೆ ಮಾತ್ರೆ, ಚಟ ಆಗುತ್ತೆ" ಎಂದು ಮನೆಯವರು ಬಿಡಿಸುತ್ತಾರೆ. ಖಿನ್ನತೆಯ ಮಾತ್ರೆ ಚಟ ಹಿಡಿಸುವುದಿಲ್ಲ. ಆದರೆ ಥಟ್ಟನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಅದನ್ನೇ ಚಟವೆಂದು ತಿಳಿಯುತ್ತಾರೆ. ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಅದೇ ಪ್ರಮಾಣದಲ್ಲಿ ಮುಂದುವರಿಸಿ, ನಂತರ ನಿಧಾನವಾಗಿ ಇಳಿಸಬೇಕು. ಮರುಕಳಿಸುತ್ತಲೇ ಇದ್ದರೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು. ಬಿ.ಪಿ. ಮಾತ್ರೆಯನ್ನು ಜೀವಮಾನವಿಡೀ ನುಂಗಲು ಒಪ್ಪುವ ಜನ ಇದನ್ನು ಒಂಬತ್ತು ತಿಂಗಳಿಗೆ ಒಪ್ಪದಿರುವುದಕ್ಕೆ ಕಾರಣ ಮಾತ್ರೆಯಲ್ಲಿಲ್ಲ, ಅದನ್ನು ಬರೆದ ವೈದ್ಯರ ಬೋರ್ಡಿನಲ್ಲಿದೆ. ಬೆಂಗಳೂರಿನಲ್ಲಿ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಎಂಬುದು ಇಂದಿಗೂ ಗೆಳೆಯರ ನಡುವಿನ ತಮಾಷೆ.

ಆ ನಿಮ್ಹಾನ್ಸ್, ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ಹುಟ್ಟಿದ್ದು. ಎಲ್ಲರೂ ಬೆಂಗಳೂರಿಗೆ ಬರಲಾರರೆಂದು ಅದರ ವೈದ್ಯರು 1970ರ ದಶಕದಲ್ಲೇ ಬನ್ನೇರುಘಟ್ಟದತ್ತ ಇರುವ ಸಕಲವಾರ ಹಳ್ಳಿಯಲ್ಲಿ ಸಮುದಾಯ ಮನೋವೈದ್ಯಕೀಯವನ್ನು ಆರಂಭಿಸಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶದ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮ ಅದರ ಮುಂದುವರಿಕೆ. ವ್ಯವಸ್ಥೆ ಇದೆ, ಸಾಲುವುದಿಲ್ಲ. ಮಂಗಳವಾರ ರೋಗಿಗೆ ಕೂಲಿಯ ದಿನವೂ ಹೌದು.

ಕಾನೂನು ಈಚೆಗೆ ರೋಗಿಯ ಪರ ವಾಲಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧವೆಂದಿದ್ದ ದಂಡಸಂಹಿತೆಯ ಹಳೆಯ 309ನೇ ಕಲಂ ಇಲ್ಲ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದೂ 2017ರ ಕಾಯ್ದೆ ವಿಧಿಸಿದೆ.

ಇದನ್ನು ಓದುತ್ತಿರುವಾಗ ಮನೆಯ ಯಾರದಾದರೂ, ಅಥವಾ ನಿಮ್ಮದೇ, ನೆನಪು ಬಂದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ವಿಚಾರಿಸಿಕೊಳ್ಳಿ. ಅಲ್ಲಿಯವರೆಗೆ ಕಾಯಲಾಗದಿದ್ದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.